ಸಿಸ್ಟಮ್ ಸಾರ್

ಯಾವ ಸರ್ಕಾರಿ ಕಚೇರಿಗೆ ಹೋದರೂ ಅಲ್ಲೊಬ್ಬ ಸಿಸ್ಟಮ್ ಸಾರ್ ಇದ್ದೇ ಇರುತ್ತಾರೆ. ಹುದ್ದೆಯ ಹೆಸರು ಬೇರೇನೋ ಇರುತ್ತದೆ, ಅದು ಸಂಬಳದ ಚೀಟಿಗೆ ಮಾತ್ರ ಗೊತ್ತು. ಜೇಬಿನಲ್ಲಿ ಪೆನ್‌ಡ್ರೈವ್, ಮುಖದಲ್ಲಿ 'ಈಗೇನು ಹಾಳು ಮಾಡಿಟ್ರಿ?' ಎಂಬ ಕಳೆ.

"ಸಾರ್, ಫಾರಂ ತೆಗೆದ್ರೆ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬರ್ತಿದೆ."

"ರಿಫ್ರೆಶ್ ಮಾಡಿ ಮೇಡಂ."

"ಮಾಡ್ದೆ."

"ಕ್ಯಾಶ್ ಕ್ಲಿಯರ್ ಮಾಡಿ."

"ಅದೂ ಆಯ್ತು."

"ನನ್ನ ಸಿಸ್ಟಮ್‌ನಲ್ಲಿ ಸರಿಯಾಗೇ ಬರ್ತಿದೆಯಲ್ಲ!"

ಬರದೆ ಏನು? ಅವರ ಡೇಟಾಬೇಸಿನಲ್ಲಿ ವಾಸವಾಗಿರುವವರು 'ಟೆಸ್ಟ್', 'ಟೆಸ್ಟ್ ಒನ್', 'ಎಬಿಸಿ' ಮಾತ್ರ. ಎಲ್ಲರೂ ಇಂಗ್ಲಿಷಿನವರು, ಯಾರಿಗೂ ಒತ್ತಕ್ಷರದ ಕಾಟವಿಲ್ಲ.

ಕೊನೆಗೆ ಮಹಡಿ ಇಳಿದು ಬರುತ್ತಾರೆ. ಹೇಳಲೇಬೇಕು, ಮನುಷ್ಯ ದಡ್ಡನಲ್ಲ. ಪರದೆ ನೋಡಿದರೆ ಸಾಕು, ಆಪರೇಷನ್ ಕೋಣೆಯಿಂದ ಹೊರಬಂದ ಡಾಕ್ಟರರ ಹಾಗೆ ಸುದ್ದಿ ತಿಳಿಸುತ್ತಾರೆ: "ಚೌಕ ಚೌಕ ಬಂದಿದ್ರೆ ಫಾಂಟ್ ಇಲ್ಲ ಅಂತ. ಟೋಪಿ ಹಾಕಿದ ಇಂಗ್ಲಿಷ್ 'ಎ' ಸಾಲಾಗಿ ಬಂದ್ರೆ ಎನ್‌ಕೋಡಿಂಗ್ ತಪ್ಪು. ಎರಡರಲ್ಲೂ ಡೇಟಾ ಬದುಕಿರುತ್ತೆ. ಇದು ಪ್ರಶ್ನಾರ್ಥಕ. ಸೇವ್ ಮಾಡುವಾಗಲೇ ಕಾಲಂಗೆ ಕನ್ನಡ ಗೊತ್ತಿರಲಿಲ್ಲ. ಹೋಯ್ತು. ಇನ್ನೊಮ್ಮೆ ಟೈಪ್ ಮಾಡಿ."

ರೋಗ ಹಿಡಿಯುವುದರಲ್ಲಿ ಇಷ್ಟು ಗಟ್ಟಿ. ಆದರೆ ಔಷಧಿ ಕುಡಿಸುವುದು ಫಾರಂಗಲ್ಲ, ಜನರಿಗೆ. ಕೃಷ್ಣಮೂರ್ತಿ ನಮ್ಮ ಕಣ್ಣಿಗೆ 4 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 11, ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 33. ಕಾಲಂನಲ್ಲಿ ಜಾಗ ಇರುವುದು 30 ಬೈಟಿಗೆ. ಹಾಗಾಗಿ ಗುಡಿಸು ಉದುರಿ ಅವರು 'ಕೃಷ್ಣಮೂರ್ತ' ಆಗಿ ಕೂತಿದ್ದಾರೆ. ಸಾರ್ ಪರಿಹಾರ: "ಕೃಷ್ಣ ಅಂತ ಹಾಕಿ, ಸಾಕು." ಮಂಗಳೂರಿನ ಡಿಸೋಜರ ಇಂಗ್ಲಿಷ್ ಹೆಸರಿನ ನಡುವಿನ ಕೊಕ್ಕೆಯನ್ನು ಡೇಟಾಬೇಸ್ 'ಹೆಸರು ಇಲ್ಲಿಗೆ ಮುಗಿಯಿತು' ಎಂದು ಓದಿ, ಉಳಿದದ್ದಕ್ಕೆ ಎರರ್ ಕಾರುತ್ತದೆ. ಎರಡು ಸಾಲು ಕೋಡ್ ತಿದ್ದಿದರೆ ಮುಗಿಯುವ ಕೆಲಸ. "ಕೊಕ್ಕೆ ಬಿಟ್ಟು ಬರೆಯೋಕೆ ಹೇಳಿ." ಅಜ್ಜನ ಕಾಲದಿಂದ ಬಂದ ಕೊಕ್ಕೆ ಕೌಂಟರಿನಲ್ಲೇ ಬಿದ್ದುಹೋಗುತ್ತದೆ.

ಸಿಬ್ಬಂದಿಯ ವಿವರದ ಫಾರಂನಲ್ಲಿ ಮಾತ್ರ ಈ ವೈದ್ಯ ಸ್ವಲ್ಪ ಎಡವಟ್ಟಾಯಿತು. ಎಲ್ಲರ ಹುಟ್ಟಿದ ದಿನವೂ ಒಂದು ದಿನ ಹಿಂದೆ ಕಾಣುತ್ತಿತ್ತು. ನಮ್ಮ ನಡುರಾತ್ರಿ 12 ಎಂದರೆ ಸರ್ವರಿನ ಯುಟಿಸಿ ಗಡಿಯಾರಕ್ಕೆ ಹಿಂದಿನ ಸಂಜೆ 6:30. ವೇಳೆ ಕತ್ತರಿಸಿ ಬರೀ ತಾರೀಕು ತೋರಿಸಿದರೆ ಹೀಗಾಗುತ್ತದೆ. "ಒಂದು ದಿನ ಮುಂದಕ್ಕೆ ಹಾಕ್ಬಿಡಿ" ಎಂದರು ಸಾರ್. ಎಲ್ಲರೂ ಹಾಕಿದರು. ಆಮೇಲೆ ಒಂದು ಶನಿವಾರ ಅವರಿಗೆ ಅದೇನು ಸ್ಫೂರ್ತಿ ಬಂತೋ, ಕೂತು ತಪ್ಪನ್ನು ನಿಜವಾಗಿಯೂ ಸರಿಪಡಿಸಿದರು.

ಸೋಮವಾರ ಫೋನ್ ಮೇಲೆ ಫೋನ್. ಇಡೀ ಕಚೇರಿಯೇ ಒಂದು ದಿನ ತಡವಾಗಿ ಹುಟ್ಟಿತ್ತು. ಹೆಡ್‌ಮಾಸ್ತರರು ಶಾಲೆಗೆ ಸೇರಿಸುವಾಗ ಬರೆದ ಜೂನ್ 1ರ ಕೃಪೆಯಿಂದ ಮೇ 31ಕ್ಕೇ ನಿವೃತ್ತರಾಗಬೇಕಿದ್ದ ಶಿರಸ್ತೇದಾರರ ತಾರೀಕು ಈಗ ಜೂನ್ 2. ಅಂದರೆ ಜೂನ್ ತಿಂಗಳ ಕೊನೆಯವರೆಗೂ ನೌಕರಿ. ಫಾರಂ ಸರಿಯಿಲ್ಲವೆಂದು ದೂರದವರು ಅವರೊಬ್ಬರೇ.