ಖಾಲಿ ಕುರ್ಚಿಗೊಂದು ಬಿನ್ನವತ್ತಳೆ

ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಮೇಲಿರಬೇಕಾಗಿದ್ದು ಇನ್ನೂ ಪಾರ್ಕಿಂಗ್ ಹುಡುಕುತ್ತಿರುವ ಗಣ್ಯರೇ, ಬಿಸಿಬೇಳೆಬಾತಿನ ವಾಸನೆ ಬಂದ ದಿಕ್ಕಿಗೆ ಮುಖ ಮಾಡಿ ಕೂತಿರುವ ಚಿಕಾಗೋದ ಕನ್ನಡ ಬಂಧುಗಳೇ, ಮತ್ತು ಈ ಸಂಜೆ ನಮ್ಮ ಸನ್ಮಾನ ಸ್ವೀಕರಿಸಲು ಒಪ್ಪಿರುವ, ಅಂದರೆ ಬೇಡವೆಂದು ಹೇಳದಿರುವ, ಇಲಿನಾಯ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಅವರ ಪರಮಪೂಜ್ಯ ಕುರ್ಚಿಯವರೇ,

ಈ ಬಿನ್ನವತ್ತಳೆಯನ್ನು ಓದಬೇಕಾಗಿದ್ದವರು ನಮ್ಮ ಸಂಘದ ಕಾರ್ಯದರ್ಶಿಗಳು. ಅವರ ಗಂಟಲು ಕಟ್ಟಿದೆ. ಆದ್ದರಿಂದ ಉಪಕಾರ್ಯದರ್ಶಿಯಾದ ನಾನು ಮೈಕಿನ ಮುಂದೆ ಬಂದಿದ್ದೇನೆ. ಆರಿಸಿ ಬಂದಮೇಲೆ ನನಗೆ ಸಿಕ್ಕಿರುವ ಮೊದಲ ಕೆಲಸವೇ ಇದು. ಕಾರ್ಯದರ್ಶಿಗಳು ಬೇಗ ಗುಣವಾಗಲಿ ಎಂದು ಹಾರೈಸುವುದು ಪದ್ಧತಿ, ಹಾರೈಸಿದ್ದೇನೆ. ನನ್ನ ದನಿಯಲ್ಲಿ ಉತ್ಸಾಹ ಕಡಿಮೆ ಕಂಡರೆ ಮೈಕ್‌ನವರನ್ನು ಕೇಳಿ.

ವ್ಯಕ್ತಿಯನ್ನು ಬಿಟ್ಟು ಕುರ್ಚಿಗೆ ಯಾಕೆ ಶಾಲು ಹೊದಿಸುತ್ತೀರಿ ಎಂದು ಕಾರ್ಯಕಾರಿ ಸಮಿತಿಯಲ್ಲಿ ಕೆಲವರು ಕೇಳಿದರು. ಉತ್ತರ ಸರಳ. ಈ ಹುದ್ದೆಗೆ ಬಂದವರೆಲ್ಲ ಒಂದೋ ಮೇಲಕ್ಕೆ ಹೋಗಿದ್ದಾರೆ, ಇಲ್ಲವೇ ಬೇಸರ ಬಂದು ಮನೆಗೆ ಹೋಗಿದ್ದಾರೆ. ನಾಲ್ಕು ಕಾಲಿದ್ದೂ ಎಲ್ಲಿಗೂ ಹೋಗದೆ ನಿಷ್ಠೆಯಿಂದ ನಿಂತವರು ಕುರ್ಚಿಯವರೊಬ್ಬರೇ. ಸೇವೆ ಎಂದರೆ ಇದು.

ಮಾನ್ಯ ಕುರ್ಚಿಯವರೇ, ಒಂದು ಕಾಲದಲ್ಲಿ ತಮಗೂ ಕೆಲಸವಿತ್ತು. ಸ್ಪ್ರಿಂಗ್‌ಫೀಲ್ಡ್‌ನ ರಾಜ್ಯ ಸೆನೆಟ್ಟಿನಲ್ಲಿ ಸುತ್ತಿಗೆ ಹಿಡಿದು ಅಧ್ಯಕ್ಷತೆ ವಹಿಸುತ್ತಿದ್ದವರು ತಾವೇ. 1968ರಲ್ಲಿ ಮತದಾರರು ಗವರ್ನರ್ ಸ್ಥಾನಕ್ಕೆ ರಿಪಬ್ಲಿಕನ್ ಪಕ್ಷದ ರಿಚರ್ಡ್ ಓಗಿಲ್ವಿಯವರನ್ನೂ, ತಮ್ಮ ಮೇಲೆ ಕೂರಲು ಡೆಮಾಕ್ರಟಿಕ್ ಪಕ್ಷದ ಪಾಲ್ ಸೈಮನ್ ಅವರನ್ನೂ ಆರಿಸಿ, ಇಬ್ಬರೂ ಹೇಗೆ ಸಂಸಾರ ಮಾಡುತ್ತಾರೋ ನೋಡೋಣ ಎಂದು ಕೈಕಟ್ಟಿ ಕೂತರು. ಆಮೇಲೆ ಬಂದ ರಾಜ್ಯದ 1970ರ ಸಂವಿಧಾನ ಎರಡು ಬದಲಾವಣೆ ಮಾಡಿತು. ನವೆಂಬರ್ ಚುನಾವಣೆಯಲ್ಲಿ ಗವರ್ನರ್ ಮತ್ತು ಲೆಫ್ಟಿನೆಂಟ್ ಗವರ್ನರ್ ಇಬ್ಬರಿಗೂ ಸೇರಿ ಒಂದೇ ಓಟು ಎಂದಿತು. ಜೊತೆಗೆ ತಮ್ಮ ಕೈಯ ಸುತ್ತಿಗೆಯನ್ನೂ ಕಸಿದುಕೊಂಡಿತು. ಉಳಿದದ್ದೇನು? ಗವರ್ನರ್ ಸ್ಥಾನ ತೆರವಾದರೆ ಅಲ್ಲಿಗೆ ಏರಲು ಕಾಯುವುದು. ಗವರ್ನರ್ ಹೇಳಿದ ಕೆಲಸ ಮಾಡುವುದು. ಗವರ್ನರ್ ಏನೂ ಹೇಳದಿದ್ದರೆ ಅದನ್ನೇ ಶ್ರದ್ಧೆಯಿಂದ ಮಾಡುವುದು. ಗ್ರಾಮೀಣ ವ್ಯವಹಾರಗಳ ಮಂಡಳಿಗೆ, ನದಿಗಳ ಸಮನ್ವಯ ಮಂಡಳಿಗೆ ತಾವೇ ಅಧ್ಯಕ್ಷರು. ಇಲಿನಾಯ್ ನದಿ ತನ್ನ ಪಾಡಿಗೆ ತಾನು ಹರಿಯುತ್ತದೆಯಾದರೂ ಅದಕ್ಕೊಬ್ಬರು ಅಧ್ಯಕ್ಷರು ಬೇಡವೇ?

ಈ ಭಾರ ತಾಳಲಾರದೆ 1981ರಲ್ಲಿ ಡೇವ್ ಓನೀಲ್ ಅವರು ಎದ್ದು ಹೋದರು. ಮೊದಲು ಔಷಧದಂಗಡಿ, ಆಮೇಲೆ ಜಿಲ್ಲೆಯ ಶೆರೀಫ್ ಕೆಲಸ ನೋಡಿಕೊಂಡಿದ್ದ ಕೈ ಅದು. ಎರಡು ಸಲ ಗೆದ್ದು ಬಂದಿದ್ದರು. ಮಾಡಲು ಏನೂ ಇಲ್ಲ, ಬೇಸರ ಎಂದು ಹೇಳಿ ರಾಜೀನಾಮೆ ಕೊಟ್ಟರು. ಹಗರಣಕ್ಕೆ ಸಿಕ್ಕಿ ರಾಜೀನಾಮೆ ಕೊಟ್ಟವರನ್ನು ಪ್ರಪಂಚ ಕಂಡಿದೆ, ಆರೋಗ್ಯದ ನೆಪ ಹೇಳಿ ಕೊಟ್ಟವರನ್ನೂ ಕಂಡಿದೆ. ನಿಜ ಹೇಳಿ ರಾಜೀನಾಮೆ ಕೊಟ್ಟವರು ವಿರಳ. ತಮಾಷೆ ಅಲ್ಲಿಗೇ ಮುಗಿಯಲಿಲ್ಲ. ಈ ಸ್ಥಾನ ನಡುವೆ ತೆರವಾದರೆ ಅವಧಿ ಮುಗಿಯುವ ತನಕ ತುಂಬುವಂತಿಲ್ಲ ಎಂದು ಸಂವಿಧಾನವೇ ಹೇಳುತ್ತದೆ. ಹಾಗಾಗಿ 1983ರ ಜನವರಿಯವರೆಗೆ ತಾವು ಖಾಲಿ ಇದ್ದಿರಿ. ರಾಜ್ಯ ನಡೆಯಿತು. ಯಾರಿಗೂ ಏನೂ ಗೊತ್ತಾಗಲಿಲ್ಲ.

1994ರಲ್ಲಿ ಬಾಬ್ ಕುಸ್ಟ್ರಾ ಅವರು ರೇಡಿಯೋದಲ್ಲಿ ಮಾತಿನ ಕಾರ್ಯಕ್ರಮ ನಡೆಸಲು ತಮ್ಮನ್ನು ಬಿಟ್ಟು ಹೊರಡುವುದಾಗಿ ಘೋಷಿಸಿದರು. ಸುಮ್ಮನೆ ಕೂತವರಿಗೆ ಮಾತಾಡುವ ಆಸೆ ಬರುವುದು ಸಹಜ, ನನ್ನನ್ನೇ ನೋಡಿ. ಅಷ್ಟರಲ್ಲಿ ಗವರ್ನರ್ ಜಿಮ್ ಎಡ್ಗರ್ ಅವರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. ಕುಸ್ಟ್ರಾ ಅವರು ರೇಡಿಯೋ ಬಿಟ್ಟು ತಮ್ಮ ಮೇಲೆಯೇ ಉಳಿದರು. ಆ ಒಂದು ವಾರ ಇಡೀ ರಾಜ್ಯಕ್ಕೆ ತಮ್ಮ ಹೆಸರು ನೆನಪಾಗಿರಬೇಕು.

(ಅಧ್ಯಕ್ಷರಿಂದ ಚೀಟಿ ಬಂದಿದೆ. ‘ಎರಡು ಮಾತಿನಲ್ಲಿ ಮುಗಿಸಿ.’ ಆಗಲಿ ಸರ್, ಇದು ಮೊದಲನೆಯ ಮಾತು.)

ಇಷ್ಟಾದರೂ ಇಲಿನಾಯ್‌ನಲ್ಲಿ ಕಾಯುವುದು ವ್ಯರ್ಥವಲ್ಲ, ಕುರ್ಚಿಯವರೇ. ಈ ರಾಜ್ಯದ ಗವರ್ನರುಗಳಿಗೆ ಮನೆ ಬದಲಿಸುವ ಯೋಗ ತುಸು ಹೆಚ್ಚು. ಆಟೊ ಕರ್ನರ್, ಡ್ಯಾನ್ ವಾಕರ್, ಜಾರ್ಜ್ ರಯಾನ್, ರಾಡ್ ಬ್ಲಾಗೊಯೆವಿಚ್ ಈ ನಾಲ್ವರೂ ಒಂದಲ್ಲ ಒಂದು ಕಾಲದಲ್ಲಿ ಜೈಲು ಕಂಡವರು. ಇವರಲ್ಲಿ ರಯಾನ್ ಅವರು ಓನೀಲ್ ಬಿಟ್ಟುಹೋದ ಮೇಲೆ ತಮ್ಮ ಮೇಲೆಯೇ ಎಂಟು ವರ್ಷ ಕೂತು ಅನುಭವ ಪಡೆದು ಮುಂದೆ ಗವರ್ನರ್ ಆದವರು ಎಂಬುದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಬ್ಲಾಗೊಯೆವಿಚ್ ಅವರನ್ನು 2009ರ ಜನವರಿ 29ರಂದು ರಾಜ್ಯ ಸೆನೆಟ್ 59-0 ಮತದಿಂದ ಕೆಳಗಿಳಿಸಿತು. ಎಲ್ಲ 59 ಸದಸ್ಯರೂ ಒಂದೇ ಮಾತಿಗೆ ಬರುವುದು ನಮ್ಮ ಸಂಘದ ತಿಂಡಿಯ ಪಟ್ಟಿಯ ವಿಷಯದಲ್ಲೂ ಸಾಧ್ಯವಾಗಿಲ್ಲ. ಆರು ವರ್ಷ ತಮ್ಮ ಮೇಲೆ ಕಾದಿದ್ದ ಪ್ಯಾಟ್ ಕ್ವಿನ್ ಅವರು ಅಂದೇ ಗವರ್ನರ್ ಆಗಿ ಪ್ರಮಾಣವಚನ ತೆಗೆದುಕೊಂಡರು. ತಾವು ಮತ್ತೆ ಖಾಲಿ, ಈ ಸಲ 2011ರ ತನಕ.

ಈಗ ಈ ಬಿನ್ನವತ್ತಳೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ತಮ್ಮನ್ನು ತುಂಬುವ ಚುನಾವಣೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಹೊಸದಾಗಿ ಪೌರತ್ವ ಪಡೆದ ಬಂಧುಗಳು ತಿಳಿಯಬೇಕು. ನವೆಂಬರಿನಲ್ಲಿ ಜೋಡಿಗೆ ಒಂದೇ ಓಟು ಎಂದೆನಲ್ಲ. ಅದಕ್ಕೆ ಮೊದಲು ಪಕ್ಷದೊಳಗೆ ನಡೆಯುವ ಪ್ರೈಮರಿಯಲ್ಲಿ ಮಾತ್ರ ಗವರ್ನರ್ ಅಭ್ಯರ್ಥಿಗೆ ಬೇರೆ ಓಟು, ತಮ್ಮ ಅಭ್ಯರ್ಥಿಗೆ ಬೇರೆ ಓಟು. ಗಂಡನ್ನು ಒಂದು ಛತ್ರದಲ್ಲಿ, ಹೆಣ್ಣನ್ನು ಇನ್ನೊಂದು ಛತ್ರದಲ್ಲಿ ಆರಿಸಿ, ಒಬ್ಬರ ಮುಖ ಒಬ್ಬರು ನೋಡುವ ಮೊದಲೇ ಧಾರೆ ಎರೆದು ಕಳಿಸಿದ ಹಾಗೆ.

1986ರಲ್ಲಿ ಡೆಮಾಕ್ರಟಿಕ್ ಪಕ್ಷ ಗವರ್ನರ್ ಸ್ಥಾನಕ್ಕೆ ಆರಿಸಿದ್ದು ಮೂರನೆಯ ಆಡ್ಲೈ ಸ್ಟೀವನ್ಸನ್ ಅವರನ್ನು. ತಂದೆ ಎರಡು ಸಲ ಅಮೆರಿಕದ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದವರು, ಮುತ್ತಜ್ಜ ಉಪಾಧ್ಯಕ್ಷರಾಗಿದ್ದವರು. ಹಿಂದಿನ ಸಲ, 1982ರಲ್ಲಿ, ಕೇವಲ ಐದು ಸಾವಿರ ಚಿಲ್ಲರೆ ಓಟಿನಲ್ಲಿ ಸೋತಿದ್ದರು. ಈ ಸಲ ಗೆದ್ದೇ ಬಿಡುತ್ತಾರೆ ಎಂಬ ಮಾತಿತ್ತು. ಪ್ರೈಮರಿ ಮುಗಿದು ಬೆಳಗಾಗುವಷ್ಟರಲ್ಲಿ ಅವರ ಜೋಡಿಯಾಗಿ ಮಾರ್ಕ್ ಫೇರ್‌ಚೈಲ್ಡ್ ಎಂಬ ಯುವಕ ಗೆದ್ದು ನಿಂತಿದ್ದರು. ಲಿಂಡನ್ ಲರೂಶ್ ಎಂಬ ವಿಲಕ್ಷಣ ರಾಜಕಾರಣಿಯ ಅನುಯಾಯಿ. ಪಕ್ಷ ಬೆಂಬಲಿಸಿದ್ದ ಅಭ್ಯರ್ಥಿಯ ಹೆಸರು ಸ್ಯಾಂಗ್‌ಮೈಸ್ಟರ್. ಮತದಾರರಿಗೆ ಇಬ್ಬರ ವಿಷಯವೂ ಗೊತ್ತಿರಲಿಲ್ಲ, ಓದಲು ಹಿತವಾಗಿದ್ದ ಹೆಸರಿಗೆ ಗುರುತು ಹಾಕಿ ಬಂದರು ಎಂಬುದು ಆಮೇಲೆ ಪಂಡಿತರು ಕೊಟ್ಟ ವಿವರಣೆ. ಆ ಜೋಡಿಯೊಂದಿಗೆ ನಿಲ್ಲಲಾರೆ ಎಂದ ಸ್ಟೀವನ್ಸನ್ ಅವರು ಸ್ವಂತ ಪಕ್ಷದ ಟಿಕೆಟ್ಟನ್ನೇ ಬಿಟ್ಟು, ಸಾಲಿಡಾರಿಟಿ ಎಂಬ ಹೊಸ ಪಕ್ಷ ಕಟ್ಟಿಕೊಂಡು ಸ್ಪರ್ಧಿಸಿ ಸೋತರು. ಅಂದರೆ, ಕುರ್ಚಿಯವರೇ, ಏನೂ ಕೆಲಸವಿಲ್ಲದ ತಾವು ಕೂತಲ್ಲೇ ಒಬ್ಬ ಘಟಾನುಘಟಿಯ ರಾಜಕೀಯ ಜೀವನವನ್ನೇ ಮುಗಿಸಿದಿರಿ.

ಇಂಥ ಪೆಟ್ಟು ತಿಂದವರು ಮರುವರ್ಷವೇ ಕಾನೂನು ಬದಲಿಸುತ್ತಾರೆ ಎಂದು ತಿಳಿಯಬೇಡಿ. ಇಪ್ಪತ್ನಾಲ್ಕು ವರ್ಷ ಯಾರೂ ಮುಟ್ಟಲಿಲ್ಲ. 2010ರ ಫೆಬ್ರುವರಿ 2ರಂದು ಅದೇ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ತಮಗಾಗಿ ಆರು ಜನ ನಿಂತಿದ್ದರು. ಹೆಚ್ಚಿನವರು ಶಾಸಕರು. ಗೆದ್ದವರು ಸ್ಕಾಟ್ ಲೀ ಕೋಹೆನ್, ಗಿರವಿ ಅಂಗಡಿಯ ಮಾಲೀಕರು. ಸ್ವಂತದ ಸುಮಾರು 20 ಲಕ್ಷ ಡಾಲರ್ ಸುರಿದು, ಟಿವಿ ಜಾಹೀರಾತು ಹಾಕಿಸಿ, ಉದ್ಯೋಗ ಮೇಳ ನಡೆಸಿ, ನಾಲ್ಕನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಓಟು ಪಡೆದರು; ಆರು ಜನರ ನಡುವೆ ಅಷ್ಟು ಸಾಕಿತ್ತು. ಗೆದ್ದ ಮೇಲೆ ಪತ್ರಿಕೆಗಳಿಗೆ ಇವರು ಯಾರು ಎಂಬ ಕುತೂಹಲ ಹುಟ್ಟಿತು. ಹಳೆಯ ಪ್ರಕರಣಗಳು ಒಂದೊಂದಾಗಿ ಹೊರಬಂದವು. ಓಟಿಗೆ ಮೊದಲೇ ವಿಚಾರಿಸಿದ್ದರೆ ಗೊತ್ತಾಗುತ್ತಿದ್ದ ಸಂಗತಿಗಳೇ ಅವು. ಆದರೆ ತಮ್ಮ ವಿಷಯದಲ್ಲಿ ಮೊದಲು ಓಟು, ಆಮೇಲೆ ವಿಚಾರಣೆ ಎಂಬುದು ಇಲ್ಲಿನ ಸಂಪ್ರದಾಯ. ಗೆದ್ದ ಐದನೆಯ ದಿನ, ಸೂಪರ್ ಬೌಲ್ ಆಟದ ಸಂಜೆ, ಚಿಕಾಗೋದ ಒಂದು ಬಾರಿನಲ್ಲಿ ಕಣ್ಣೀರು ಹಾಕುತ್ತಾ ಅವರು ಸ್ಪರ್ಧೆಯಿಂದ ಹಿಂದೆ ಸರಿದರು. ಒತ್ತೆ ಇಟ್ಟ ವಸ್ತುವನ್ನು ಬಿಡಿಸಿಕೊಳ್ಳಲು ಇಷ್ಟು ಕಡಿಮೆ ಅವಧಿಯನ್ನು ಗಿರವಿ ಅಂಗಡಿಯವರೂ ಕೊಡುವುದಿಲ್ಲ.

ಆ ಜಾಗಕ್ಕೆ ಪಕ್ಷದ ಸಮಿತಿ ಆರಿಸಿದ್ದು ಶೀಲಾ ಸೈಮನ್ ಅವರನ್ನು. 1968ರಲ್ಲಿ ಗೆದ್ದ ಪಾಲ್ ಸೈಮನ್ ಅವರ ಮಗಳು. ತಂದೆ ಕೂತಿದ್ದ ಜಾಗದಲ್ಲಿ ಮಗಳು ಎಂದರೆ ನಮ್ಮ ಕಡೆಯವರಿಗೆ ಹೆಚ್ಚು ವಿವರಿಸಬೇಕಿಲ್ಲ. ನವೆಂಬರಿನಲ್ಲಿ ಕ್ವಿನ್-ಸೈಮನ್ ಜೋಡಿ ಸುಮಾರು 32 ಸಾವಿರ ಓಟಿನ ಅಂತರದಲ್ಲಿ ದಡ ಸೇರಿತು. ಹಳೆಯ ಜೋಡಿಯೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಲು ಗಣಿತ ಬೇಕಿಲ್ಲ. ಈಗ ಭಯ ಹತ್ತಿತು. 2014ರಿಂದ ಪ್ರೈಮರಿಗೆ ಮೊದಲೇ ಗವರ್ನರ್ ಅಭ್ಯರ್ಥಿ ತನ್ನ ಜೋಡಿಯನ್ನು ಆರಿಸಿಕೊಳ್ಳಬೇಕು ಎಂದು ಕಾನೂನಾಯಿತು. ಅದರ ನಡುವೆ, 2013ರಲ್ಲಿ, ತಮ್ಮನ್ನೇ ತೆಗೆದುಹಾಕುವ ಪ್ರಸ್ತಾಪ ಕೆಳಮನೆಯಲ್ಲಿ ದೊಡ್ಡ ಬಹುಮತದಿಂದ ಪಾಸಾಗಿ ಮೇಲ್ಮನೆಯಲ್ಲಿ ನಿಂತುಹೋಯಿತು. ತಾವು ಒಂದು ಕಾಲದಲ್ಲಿ ಅಧ್ಯಕ್ಷತೆ ವಹಿಸುತ್ತಿದ್ದ ಮೇಲ್ಮನೆ. ಹಳೆಯ ಉಪ್ಪಿನ ಋಣ.

(ಎರಡನೆಯ ಚೀಟಿ: ‘ಪಲ್ಯ ಆರುತ್ತಿದೆ.’)

ತಮ್ಮ ಬಂಧುಬಳಗವನ್ನು ನೆನೆಯದೆ ಮುಗಿಸುವಂತಿಲ್ಲ. 43 ರಾಜ್ಯಗಳಲ್ಲಿ ಜನ ನೇರವಾಗಿ ಈ ಹುದ್ದೆಗೆ ಓಟು ಹಾಕುತ್ತಾ ಬಂದಿದ್ದಾರೆ. ಟೆಕ್ಸಸ್‌ನಲ್ಲಿರುವ ತಮ್ಮ ಅಣ್ಣನವರ ದರ್ಬಾರೇ ಬೇರೆ: ಸೆನೆಟ್ಟಿನ ಅಧ್ಯಕ್ಷತೆ, ಸಮಿತಿಗಳ ನೇಮಕ, ಯಾವ ಮಸೂದೆ ಚರ್ಚೆಗೆ ಬರಬೇಕೆಂಬ ಹಿಡಿತ, ಎಲ್ಲ ಅವರ ಕೈಯಲ್ಲಿ. ಸಂಬಳ ಮಾತ್ರ ವರ್ಷಕ್ಕೆ 7,200 ಡಾಲರ್. ತಮ್ಮದು ಅದರ ಹತ್ತಾರು ಪಟ್ಟು. ಕೆಲಸ ಕಡಿಮೆಯಾದಂತೆ ಸಂಬಳ ಏರುವ ಈ ಸೂತ್ರವನ್ನು ನಮ್ಮ ಸಂಘವೂ ಪರಿಗಣಿಸಬೇಕೆಂದು ಉಪಕಾರ್ಯದರ್ಶಿಯಾಗಿ ಕೋರುತ್ತೇನೆ.

ಬೇರೆ ಬೇರೆ ಓಟಿನಲ್ಲಿ ಗೆದ್ದವರ ಕಥೆಯಂತೂ ಇನ್ನೂ ರಸವತ್ತು. 1979ರಲ್ಲಿ ಕ್ಯಾಲಿಫೋರ್ನಿಯಾದ ಡೆಮಾಕ್ರಟಿಕ್ ಗವರ್ನರ್ ಜೆರ್ರಿ ಬ್ರೌನ್ ಅವರು ಹೊರರಾಜ್ಯಕ್ಕೆ ಹೋದ ಸಮಯ ನೋಡಿ, ರಿಪಬ್ಲಿಕನ್ ಪಕ್ಷದ ಲೆಫ್ಟಿನೆಂಟ್ ಗವರ್ನರ್ ಮೈಕ್ ಕರ್ಬ್ ಅವರು ನ್ಯಾಯಾಧೀಶರೊಬ್ಬರನ್ನು ನೇಮಿಸಿಬಿಟ್ಟರು. ವ್ಯಾಜ್ಯ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. ಗವರ್ನರ್ ಇಲ್ಲದಾಗ ಇವರು ನೇಮಿಸಬಹುದು, ಆದರೆ ವಾಪಸ್ ಬಂದ ಗವರ್ನರ್ ಅದನ್ನು ಹಿಂಪಡೆಯಬಹುದು ಎಂದು ಕೋರ್ಟು ಇಬ್ಬರ ಬೆನ್ನನ್ನೂ ತಟ್ಟಿ ಕಳಿಸಿತು. 2021ರಲ್ಲಿ ಐಡಾಹೋದಲ್ಲೂ ಅದೇ ಆಟ. ಗವರ್ನರ್ ಬ್ರ್ಯಾಡ್ ಲಿಟ್ಲ್ ಊರಲ್ಲಿಲ್ಲದಾಗ ಲೆಫ್ಟಿನೆಂಟ್ ಗವರ್ನರ್ ಜಾನಿಸ್ ಮೆಕ್‌ಗೀಚಿನ್ ಅವರು ಮಾಸ್ಕ್ ಕಡ್ಡಾಯ ಮಾಡುವುದನ್ನೇ ನಿಷೇಧಿಸಿ ಆದೇಶ ಹೊರಡಿಸಿದರು. ಬಂದವರೇ ಲಿಟ್ಲ್ ಅದನ್ನು ರದ್ದು ಮಾಡಿದರು. ಕೆಲವೇ ತಿಂಗಳಲ್ಲಿ ಲಿಟ್ಲ್ ಮತ್ತೆ ಪ್ರವಾಸ ಹೋದರು, ಮತ್ತೆ ಆದೇಶ ಬಂತು, ಮತ್ತೆ ರದ್ದಾಯಿತು. ಐಡಾಹೋದ ಗವರ್ನರುಗಳಿಗೆ ಪ್ರವಾಸಭತ್ಯೆಯ ಜೊತೆ ಒಂದು ಬೀಗವನ್ನೂ ಕೊಡುವುದು ಒಳ್ಳೆಯದು.

ಇಂಥ ವೈಭವ ಕರ್ನಾಟಕದ ಉಪಮುಖ್ಯಮಂತ್ರಿ ಕುರ್ಚಿಗಿಲ್ಲ. ಅದಕ್ಕೆ ಚುನಾವಣೆಯೂ ಇಲ್ಲ, ಸಂವಿಧಾನದಲ್ಲಿ ಹೆಸರೂ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ಅದರಲ್ಲಿ ಕೂತವರೂ ಉಳಿದವರಂತೆ ಒಬ್ಬ ಮಂತ್ರಿ. ಬೇಕಾದಾಗ ಒಂದು, ಬೇಡವಾದಾಗ ಸೊನ್ನೆ, 2019ರಲ್ಲಿ ಒಂದೇ ಸಲಕ್ಕೆ ಮೂರು. ಹಾಗಿದ್ದೂ ಎಸ್. ಎಂ. ಕೃಷ್ಣ, ಜೆ. ಎಚ್. ಪಟೇಲ್, ಯಡಿಯೂರಪ್ಪ, ಸಿದ್ದರಾಮಯ್ಯ ಎಲ್ಲರೂ ಆ ಕುರ್ಚಿಯಿಂದ ಎದ್ದು, ಬೇಗವೋ ತಡವೋ, ಪಕ್ಕದ ಕುರ್ಚಿಗೆ ಹೋದವರೇ. ಕಾಯುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಓಟು ಹಾಕಿಸಿಕೊಂಡು ಕಾಯುವ ಭಾಗ್ಯ ಮಾತ್ರ ಇಲ್ಲಿಯದು.

ಇಷ್ಟೆಲ್ಲ ಕಂಡ ಮೇಲೂ ಅರಿಜೋನಾದ ಮತದಾರರು 2022ರಲ್ಲಿ ತಮ್ಮಂಥ ಕುರ್ಚಿ ನಮಗೂ ಬೇಕು ಎಂದು ಓಟು ಹಾಕಿದರು. ಹುಚ್ಚೇನಲ್ಲ. ಅಲ್ಲಿ 1988, 1997, 2009 ಮೂರು ಸಲವೂ ಗವರ್ನರ್ ಸ್ಥಾನ ನಡುವೆಯೇ ತೆರವಾಗಿ, ಚುನಾವಣೆ ನಡೆಸಲೆಂದು ಆರಿಸಿದ ಸೆಕ್ರೆಟರಿ ಆಫ್ ಸ್ಟೇಟ್ ಅವರೇ ಬಂದು ರಾಜ್ಯ ಆಳಬೇಕಾಯಿತು. ಅದರಲ್ಲಿ ಎರಡು ಸಲ ಆಳುವ ಪಕ್ಷವೇ ಬದಲಾಯಿತು. 2026ರ ನವೆಂಬರ್ ಚುನಾವಣೆ ಆ ಹೊಸ ಕುರ್ಚಿಗೆ ಮೊದಲನೆಯದು. ಇಲಿನಾಯ್‌ಗೂ ಅದೇ ತಿಂಗಳು ಗವರ್ನರ್ ಚುನಾವಣೆ. ಈ ಸಭೆಯಲ್ಲಿ ಓಟಿನ ಹಕ್ಕಿರುವವರಲ್ಲಿ ನನ್ನದೊಂದು ವಿನಂತಿ: ಗವರ್ನರ್ ಅಭ್ಯರ್ಥಿಯ ಜೊತೆಗೆ ಎರಡನೆಯದೊಂದು ಹೆಸರು ಇರುತ್ತದೆ. ಅದನ್ನೂ ಓದಿ, ಯಾರು ಎಂದು ನಾಲ್ಕು ಜನರನ್ನು ವಿಚಾರಿಸಿ, ಆಮೇಲೆ ಗುರುತು ಹಾಕಿ.