ನನ್ನನ್ನು ಇಳಿಸುವ ಮುನ್ನ: ಒಂದು ಗೇರ್‌ಬಾಕ್ಸಿನ ಹೇಳಿಕೆ

ಸಿಂಧನೂರಿನ ಒಂದು ಗ್ಯಾರೇಜಿನ ಗುಂಡಿಯ ಮೇಲೆ ಬಿಳಿ ಕ್ರೂಸರ್ ನಿಂತಿತ್ತು. ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ದಿನವಿಡೀ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಓಡಾಡುವ ಗಾಡಿ. ಗುಳೆ ಹೊರಟವರನ್ನು ಸಾಮಾನು ಸಮೇತ ಬೆಂಗಳೂರಿಗೆ ಬಿಟ್ಟು ಬರುವುದೂ ಅದೇ. ಮೇಸ್ತ್ರಿ ಚಹಾಕ್ಕೆ ಹೋಗಿದ್ದರು. ಜಾಕ್, ಪಾನಾಗಳು, ಕೆಳಗೆ ಹಾಸಲು ಗೋಣಿಚೀಲ ಎಲ್ಲ ಸಿದ್ಧವಿತ್ತು. ಮಾಲೀಕರು ನೆರಳಿನಲ್ಲಿ ನಿಂತು ಫೋನಿನಲ್ಲಿ ಬೇರೆ ಗೇರ್‌ಬಾಕ್ಸಿನ ದರ ಕೇಳುತ್ತಿದ್ದರು. ಆರೋಪಿಯ ಹೇಳಿಕೆ ಪಡೆಯದೆ ಶಿಕ್ಷೆ ಜಾರಿಯಾಗುವುದು ನಮ್ಮಲ್ಲಿ ಹೊಸದೇನಲ್ಲ. ಆದರೂ ಪತ್ರಕರ್ತನಾದ ತಪ್ಪಿಗೆ ನಾನು ಗುಂಡಿಗೆ ಇಳಿದೆ.

ಪ್ರಶ್ನೆ: ನಮಸ್ಕಾರ. ನಿಮ್ಮ ಮೇಲೆ ಗಂಭೀರ ಆರೋಪವಿದೆ. ಗೇರ್ ಸಲೀಸಾಗಿ ಬೀಳುವುದಿಲ್ಲವಂತೆ. ಎರಡರಿಂದ ಮೂರಕ್ಕೆ ಹಾಕುವಾಗ ತಡೆದು ತಡೆದು ಹೋಗುತ್ತದಂತೆ. ರಿವರ್ಸ್ ಅಂತೂ ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕರ್ ಅನ್ನುತ್ತದಂತೆ.

ಗೇರ್‌ಬಾಕ್ಸ್: ನಮಸ್ಕಾರ್ರೀ ಪೇಪರಿನವರ. ಸ್ವಲ್ಪ ಬಾಜೂಕ ನಿಂದ್ರಿ, ಅಂಗಿ ಮ್ಯಾಲೆ ಎಣ್ಣಿ ಬಿದ್ದೀತು. ಆರೋಪ ಖರೇ ಐತಿ, ನಾನೇನು ಇಲ್ಲ ಅನ್ನಂಗಿಲ್ಲ. ಆದ್ರ ಇದು ಯಾವತ್ತಿಂದ ಶುರುವಾತು ಅಂತ ಒಬ್ಬರಾದ್ರೂ ಕೇಳ್ಯಾರೇನು? ಹೋದ ಜಾತ್ರಿ ತನಕ ಐದೂ ಗೇರು ಎರಡು ಬೆರಳಿನಾಗ ಬೀಳ್ತಿದ್ದುವು. ಜಾತ್ರಿ ಆದ ಮ್ಯಾಲೆ ನಮ್ಮ ಧಣಿಗೆ ಗಾಡಿ ಸುಧಾರಣಾ ಮಾಡೋ ಹುಕಿ ಬಂತು.

ಪ್ರಶ್ನೆ: ಏನೇನು ಸುಧಾರಿಸಿದರು?

ಗೇರ್‌ಬಾಕ್ಸ್: ಮೊದಲು ಕ್ಲಚ್. ಮಂದಿ ಜಾಸ್ತಿ ತುಂಬತೀವಿ, ಕ್ಲಚ್ ಜಾರಬಾರದು ಅಂತ ಗಟ್ಟಿ ಪ್ರೆಶರ್ ಪ್ಲೇಟಿನ ಸೆಟ್ ತರಿಸಿದ್ರು. ಮಂದಿ ಕಡಿಮಿ ತುಂಬೋದು ಯಾರಿಗೂ ಹೊಳೀಲಿಲ್ಲ, ಇರಲಿ. ಹೊಸ ಪ್ಲೇಟಿನ ಸ್ಪ್ರಿಂಗ್ ಬಿರುಸು. ಅದನ್ನ ಸರಿಸಾಕ ಒತ್ತಡ ಹೆಚ್ಚಿಗಿ ಬೇಕು. ಆದ್ರ ಮಾಸ್ಟರ್ ಸಿಲಿಂಡರ್ ಹಳೇದು, ರಬ್ಬರ್ ಪೈಪ್ ಅದಕ್ಕಿಂತ ಹಳೇದು. ಡ್ರೈವರ್ ಅಣ್ಣ ಪೆಡಲ್ ಒತ್ತಿದ್ರ ಪೈಪ್ ಉಬ್ಬತೈತಿ, ಒಳಗ ಫೋರ್ಕ್ ಬಾಗತೈತಿ, ಪ್ಲೇಟ್ ಮಾತ್ರ ಪೂರ್ತಿ ಬಿಡವಲ್ದು. ಅದರ ಜೊತಿಗೇ ಫ್ಲೈವೀಲನ್ನ ಲೇತಿಗೆ ಕಳಿಸಿ ಫೇಸಿಂಗ್ ಹೊಡಿಸಿದ್ರು. ಲೇತಿನ ಹುಡುಗಗ ಕೈ ಭಾರ, ಬೇಕಾದ್ದಕ್ಕಿಂತ ಜಾಸ್ತಿ ಕೆತ್ತಿದ. ಅಷ್ಟು ಕೆತ್ತಿದ ಮ್ಯಾಲೆ ಇಡೀ ಕ್ಲಚ್ ಇಂಜಿನ್ ಕಡೆ ಸರಿತು, ರಿಲೀಸ್ ಬೇರಿಂಗಿಗೂ ಅದಕ್ಕೂ ನಡುವ ಸಂದು ಬಿತ್ತು. ರಾಡ್ ಉದ್ದ ಮಾಡಿ ಸರಿ ಮಾಡಬೇಕಿತ್ತು. ಬಿಲ್ ಆದ ಮ್ಯಾಲೆ ರಾಡ್ ಯಾರು ನೋಡ್ತಾರ?

ಪ್ರಶ್ನೆ: ಆದರೆ ಇದೆಲ್ಲ ಕ್ಲಚ್ಚಿನ ಕತೆ. ಇಳಿಸುತ್ತಿರುವುದು ನಿಮ್ಮನ್ನು.

ಗೇರ್‌ಬಾಕ್ಸ್: ಅದನ್ನ ಹೇಳಾಕ ಹತ್ತೀನ್ರಿ ನಾನು. ನೀವು ಸಿಂಧನೂರಿನವ್ರು, ನಿಮಗ ಕಾಲುವಿ ಭಾಷಾದಾಗ ಹೇಳ್ತೀನಿ. ಕ್ಲಚ್ ಅಂದ್ರ ಗೇಟು. ಗೇಟು ಬಿಗಿಯಾಗಿ ಮುಚ್ಚಿದ್ರ ತೆಳಗ ನಾವು ಕೆಲಸ ಮಾಡ್ಕೊಬಹುದು. ಸಂದಿನಾಗ ನೀರು ಸೋರಾಕ ಹತ್ತಿದ್ರ ಏನು ಮಾಡೋದು? ಇಂಜಿನ್ ನನ್ನ ಮುಂದಿನ ಶಾಫ್ಟನ್ನ ತಿರುಗಿಸ್ತಾನ ಇರತೈತಿ. ತಿರುಗೋ ಹಲ್ಲಿಗೆ ಹಲ್ಲು ಕೂಡಸು ಅಂದ್ರ ಕರ್ ಅನ್ನದ ಇನ್ನೇನು ಅಂದೀತು? 2024ರ ಆಗಸ್ಟಿನಾಗ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಚೈನ್ ಹರದು ಕೊಚ್ಚಿ ಹೋತಲ್ಲ, ಆವಾಗ ಎಡದಂಡಿ ಕಾಲುವಿ ಬದಲಿ ಮಾಡ್ರಿ ಅಂತ ಯಾರಾದ್ರೂ ಅಂದ್ರೇನು? ಗೇಟಿನ ಜಾಗಕ್ಕ ಸ್ಟಾಪ್‌ಲಾಗ್ ಇಳಿಸಿದ್ರು, ಒಂದು ವಾರದಾಗ ನೀರು ನಿಂತು. ನನ್ನ ವಿಷಯಕ್ಕ ಬಂದ್ರ ಮಾತ್ರ ಸೋರೋದು ಗೇಟು, ಅಗಿಯೋದು ಕಾಲುವಿ.

ಪ್ರಶ್ನೆ: ನಿಮ್ಮೊಳಗೆ ವೇಗ ಹೊಂದಿಸುವ ವ್ಯವಸ್ಥೆ ಇದೆಯಲ್ಲ?

ಗೇರ್‌ಬಾಕ್ಸ್: ಐತಿ. ಸಿಂಕ್ರೊ ರಿಂಗ್, ಹಿತ್ತಾಳಿದು. ಗೇರ್ ಕೂಡೋ ಮುಂಚೆ ಅದು ಹೋಗಿ ಗೇರಿನ ಕೋನಿಗೆ ತಿಕ್ಕತೈತಿ, ಎರಡರ ವೇಗನೂ ಒಂದು ಆದ ಮ್ಯಾಲೆನ ಒಳಗ ಬಿಡತೈತಿ. 1928ರಾಗ ಅಮೆರಿಕಾದ ಕ್ಯಾಡಿಲಾಕ್ ಕಾರಿಗೆ ಮೊದಲು ಬಂದದ್ದು ಅದು. ಅದಕ್ಕ ಮುಂಚಿನ ಡ್ರೈವರ್‌ಗಳು ಒಂದೊಂದು ಗೇರಿಗೆ ಎರಡೆರಡು ಸಲ ಕ್ಲಚ್ ತುಳೀತಿದ್ರು. ಹಳೇ ಲಾರಿ ಓಡಿಸಿದವರನ್ನ ಕೇಳ್ರಿ, ಎಡಗಾಲು ತೋರಸ್ತಾರ. ಆದ್ರ ಈ ರಿಂಗು ತಿಕ್ಕಬೇಕಂದ್ರ ನಡುವಿನ ಎಣ್ಣಿ ಸರೀಬೇಕು. ನಮ್ಮ ಧಣಿ ಏನು ಮಾಡಿದ್ರು ಗೊತ್ತೇನು? ಟ್ರ್ಯಾಕ್ಟರಿಗೆ ತಂದಿದ್ದ 140 ನಂಬರ್ ಎಣ್ಣಿ ಉಳದಿತ್ತು, ದಪ್ಪ ಇದ್ದಷ್ಟು ಗೇರಿಗೆ ಛಲೋ ಅಂತ ನನ್ನಾಗ ಸುರುವಿದ್ರು. ಮುಂಜಾನೆ ಚಳ್ಯಾಗ ಅದು ಕಾಕಂಬಿ. ಅದನ್ನ ಕೊರದು ರಿಂಗು ಕೋನಿಗೆ ಮುಟ್ಟೋದ್ರಾಗ ಡ್ರೈವರ್ ಅಣ್ಣ ಲಿವರಿಗೆ ಮೂರು ಸಲ ಗುದ್ದಿರ್ತಾನ. ಮಸ್ಕಿ ದಾಟಿ ಎಣ್ಣಿ ಕಾದ ಮ್ಯಾಲೆ ಸ್ವಲ್ಪ ಹಗುರ ಆಕ್ಕೈತಿ. ಗಮನ ಇದ್ದವನಿಗೆ ಅದೊಂದ ಸುಳುವು ಸಾಕಿತ್ತು.

ಅದಕ್ಕಿಂತ ಮುಂಚೆ ಯಾರೋ ಜಾಣರು ಹಿಂದಿನ ಹೌಸಿಂಗಿಗೆ ಹಾಕೋ ಜಿಎಲ್-5 ಎಣ್ಣಿ ಹಾಕಿದ್ರು. ಕ್ರೌನ್ ಗೇರಿನ ಹಲ್ಲು ಒಂದರ ಮ್ಯಾಲೊಂದು ಜಾರತಾವು, ಅದಕ್ಕ ಗಂಧಕದ ಮಸಾಲಿ ಜಾಸ್ತಿ ಇರೋ ಎಣ್ಣಿ ಬೇಕು. ನನ್ನ ರಿಂಗಿಗೆ ಹಿಡಿತ ಬೇಕು, ಜಾರಿಕಿ ಅಲ್ಲ. ಅದಕ್ಕ ಜಿಎಲ್-4 ಅಂತ ಪುಸ್ತಕದಾಗ ಬರೆದಿರ್ತಾರ. ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆದಾಗ ಐತಿ, ಅದರ ಮ್ಯಾಲೆ ಗುಟ್ಕಾ ಚೀಟಿ ಅದಾವು.

ಪ್ರಶ್ನೆ: ಲಿವರ್ ಕೂಡ ಹೊಸದಾಗಿ ಕಾಣುತ್ತಿದೆ.

ಗೇರ್‌ಬಾಕ್ಸ್: ಹಳೇ ಲಿವರ್ ಉದ್ದ ಇತ್ತು, ನೋಡಾಕ ಛಂದ ಕಾಣಂಗಿಲ್ಲ ಅಂತ ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ವೆಲ್ಡ್ ಹೊಡಿಸಿದ್ರು. ಸನ್ನಿ ಗಿಡ್ಡ ಆದ್ರ ಕೈಗೆ ಭಾರ ಅನ್ನೋದು ಕಲ್ಲು ಎತ್ತೋ ಕೂಲಿಯವನಿಗೂ ಗೊತ್ತು, ನಮ್ಮ ಧಣಿಯ ಅಳಿಯಾ ಡಿಪ್ಲೊಮಾ ಓದ್ಯಾನ. ತೆಳಗಿನ ಪ್ಲಾಸ್ಟಿಕ್ ಬುಷ್ ಸವದಿತ್ತು, ಅದಕ್ಕ ಲೇತಿನಾಗ ಹಿತ್ತಾಳಿ ಬುಷ್ ಮಾಡಿಸಿದ್ರು. ಎಷ್ಟು ಬಿಗಿ ಅಂದ್ರ ಒಳಗ ಗ್ರೀಸಿಗೂ ಪ್ರವೇಶ ಇಲ್ಲ. ಮ್ಯಾಲೆ ಗಾಜಿನ ಗುಂಡು, ಒಳಗ ಗುಲಾಬಿ ಹೂ. ಹಳೇ ಗುಂಡಿನ ಮ್ಯಾಲೆ ಗೇರಿನ ನಕ್ಷಾ ಇತ್ತು, ಇದರ ಮ್ಯಾಲೆ ಅದೂ ಇಲ್ಲ. ಮಸ್ಕಿಯ ಬಂಡಿಯ ಮ್ಯಾಲೆ ಅಶೋಕ ಹೆಸರು ಹಾಕಿ ಬರೆಸಿದ್ದು ಎರಡು ಸಾವಿರ ವರ್ಷ ದಾಟಿದ್ರೂ ಓದಾಕ ಬರತೈತಿ, 1915ರಾಗ ಗಣಿ ಇಂಜಿನಿಯರ್ ಬೀಡನ್ ಸಾಹೇಬ ಬಂದು ನೋಡೋ ತನಕ ಕಾಯ್ತು. ನನ್ನ ಶಾಸನ ಒಂದು ಮಧ್ಯಾಹ್ನದಾಗ ಗುಜರಿಗೆ ಹೋತು.

ಪ್ರಶ್ನೆ: ಡ್ರೈವರ್ ಬಗ್ಗೆ ದೂರು ಇದೆಯೇ?

ಗೇರ್‌ಬಾಕ್ಸ್: ಅವನ ಮ್ಯಾಲೆ ನನಗ ಕನಿಕರ. ಮುಂದಿನ ಸೀಟಿನಾಗ ಅವನ ಎಡಕ್ಕ ಮೂರು ಮಂದಿ, ಬಲಕ್ಕ ಬಾಗಿಲಿಗೆ ಒಬ್ಬ. ಎರಡನೇ ಗೇರಿಗೆ ಒಬ್ಬ ಅಜ್ಜ ಮೊಳಕಾಲು ಸರಿಸಬೇಕು, ನಾಲ್ಕನೇದಕ್ಕ ಹೆಣ್ಣುಮಗಳು ಕೂಸಿನ ಕಾಲು ಎತ್ತಬೇಕು. "ಯಜ್ಜಾ, ಎರಡು!" ಅಂತ ಕೂಗತಾನ, ಅಜ್ಜ ಕಾಲು ಮಡಿಸ್ತಾನ. ಇಷ್ಟು ಹೊಂದಾಣಿಕಿ ಮಾಡೋ ಸಿಂಕ್ರೊ ಯಾವ ಕಂಪನಿನೂ ಮಾಡಿಲ್ಲ. ಒಂದ ಚಟ ಬಿಡಸ್ರಿ ಅವನಿಗೆ: ಲಿವರ್ ಮ್ಯಾಲೆ ಕೈ ಇಟ್ಕೊಂಡ ಕೂಡತಾನ. ಆ ಕೈಭಾರ ಒಳಗಿನ ಫೋರ್ಕನ್ನ ತಿರುಗೋ ಸ್ಲೀವಿಗೆ ಒತ್ತತೈತಿ, ಸುಮ್ಮನ ಸವೀತೈತಿ.

ಪ್ರಶ್ನೆ: ಒಟ್ಟಿನಲ್ಲಿ ನೀವು ಬದಲಾವಣೆಯ ವಿರೋಧಿ.

ಗೇರ್‌ಬಾಕ್ಸ್: ಬದಲಾವಣಿನ ನನ್ನ ಕಸುಬು! ಸಲೀಸ ಬದಲಾವಣಿ ಅಂದ್ರ ಹೆಂಗಿರಬೇಕು ಅಂತ ಮಸ್ಕಿ ಮಂದಿಯನ್ನ ಕೇಳ್ರಿ. 2018ರಾಗ ಕಾಂಗ್ರೆಸ್ಸಿನವರು ಬಿಜೆಪಿಯವರನ್ನ 213 ಓಟಿನಾಗ ಸೋಲಿಸಿದ್ರು. 2021ರ ಉಪಚುನಾವಣಿಗೆ ಅದ ಇಬ್ಬರು ಎದುರಾಬದುರು, ಆದ್ರ ಅವರು ಇವರ ಪಕ್ಷದಾಗ, ಇವರು ಅವರ ಪಕ್ಷದಾಗ. ಕರ್ ಅಂತ ಒಂದು ಸಪ್ಪಳ ಇಲ್ಲ. ಮೊದಲು 213ರಾಗ ಸೋತವರು ಈ ಸಲ 30,000ಕ್ಕೂ ಮಿಕ್ಕಿ ಗೆದ್ರು. ಅಂಥಾ ರಿಂಗ್ ನನ್ನಾಗ ಇದ್ದಿದ್ರ ನಾನ್ಯಾಕ ಈ ಗುಂಡಿ ಮ್ಯಾಲೆ ಇರ್ತಿದ್ದೆ?

ಪ್ರಶ್ನೆ: ಕೊನೆಯದಾಗಿ, ಮೇಸ್ತ್ರಿಗೆ ಏನು ಹೇಳಬೇಕು?

ಗೇರ್‌ಬಾಕ್ಸ್: ಬೋಲ್ಟ್ ಬಿಚ್ಚೋ ಮುಂಚೆ ಎರಡು ಕೆಲಸ. ಇಂಜಿನ್ ಬಂದ್ ಮಾಡಿ ಎಲ್ಲಾ ಗೇರು ಹಾಕಿ ನೋಡ್ರಿ. ಆಮ್ಯಾಲೆ ಚಾಲೂ ಮಾಡಿ, ಕ್ಲಚ್ ಪೂರ್ತಿ ತುಳದು, ಒಂದು ನಾಲ್ಕೈದು ಎಣಿಸಿ, ರಿವರ್ಸಿಗೆ ಹಾಕ್ರಿ. ರಿವರ್ಸಿಗೆ ನನ್ನಾಗ ಸಿಂಕ್ರೊ ಇಲ್ಲ, ಸುಳ್ಳು ಹೇಳಾಕ ಬರಂಗಿಲ್ಲ ಅದಕ್ಕ. ಬಂದ್ ಇದ್ದಾಗ ಬಿದ್ದು, ಚಾಲೂ ಇದ್ದಾಗ ಕರ್ ಅಂದ್ರ ಕ್ಲಚ್ ಬಿಡವಲ್ದು ಅಂತ ಲೆಕ್ಕ. ಬಂದ್ ಇದ್ದಾಗೂ ಬಿಗಿ ಅಂದ್ರ ಎಣ್ಣಿ, ಬುಷ್, ಲಿವರ್ ನೋಡ್ರಿ. ಅದೆಲ್ಲಾ ಸರಿ ಇದ್ದೂ ಬಿಗಿ ಅಂದ್ರ ನನ್ನನ್ನ ಇಳಿಸ್ರಿ, ನಾನು ಬ್ಯಾಡ ಅನ್ನಂಗಿಲ್ಲ.

ಮೇಸ್ತ್ರಿ ಬಂದರು. ಆರೋಪಿಯ ಕೋರಿಕೆ ತಿಳಿಸಿದೆ. ಪೇಪರಿನವರು ಮೇಸ್ತ್ರಿಕಿ ಯಾವಾಗ ಕಲಿತರು ಎಂಬಂತೆ ನೋಡಿ, ಆದರೂ ಹತ್ತಿ ಕುಳಿತರು. ಇಂಜಿನ್ ನಿಂತಿದ್ದಾಗ ಗೇರುಗಳು ಭಾರವಾಗಿಯೇ, ಆದರೆ ಸದ್ದಿಲ್ಲದೆ ಬಿದ್ದವು. ಚಾಲೂ ಮಾಡಿ ರಿವರ್ಸಿಗೆ ಹಾಕಿದರೆ ಪಕ್ಕದ ಪಂಕ್ಚರ್ ಅಂಗಡಿಯವನು ತಲೆ ಎತ್ತಿ ನೋಡಿದ. ಮೇಸ್ತ್ರಿ ಇಳಿದು, ಟಾರ್ಚ್ ಹಿಡಿದು ಸ್ಟೇರಿಂಗ್ ಕೆಳಗೆ ತಲೆ ತೂರಿಸಿದರು. ಅಲ್ಲಿ ಹಳೆಯ ರಬ್ಬರ್ ಮ್ಯಾಟ್ ಇತ್ತು. ಅದರ ಮೇಲೆ ಹೊಸದಾಗಿ ಹಸಿರು ಹುಲ್ಲಿನ ಮ್ಯಾಟ್, ಅದರ ಅಂಚು ಮಡಿಚಿಕೊಂಡು ಸರಿಯಾಗಿ ಕ್ಲಚ್ ಪೆಡಲಿನ ಅಡಿಗೇ ಹೋಗಿ ಕೂತಿತ್ತು. ಎರಡನ್ನೂ ಕಿತ್ತು ಹೊರಗೆಸೆದು ಪೆಡಲ್ ಒತ್ತಿದರು. ಮೊದಲಿಗಿಂತ ಎರಡು ಬೆರಳಿನಷ್ಟು ಕೆಳಗೆ ಹೋಯಿತು. ರಾಡನ್ನು ಸ್ವಲ್ಪ ಉದ್ದ ಮಾಡಿದರು, ಹುಡುಗನಿಂದ ಪೆಡಲ್ ಒತ್ತಿಸಿ ಪೈಪಿನ ಗಾಳಿ ತೆಗೆದರು. ಈ ಸಲ ರಿವರ್ಸ್ ಬಿದ್ದದ್ದು ಪಂಕ್ಚರ್ ಅಂಗಡಿಯವನಿಗೆ ಗೊತ್ತೇ ಆಗಲಿಲ್ಲ.

"ಆ ಮ್ಯಾಟಿಗೆ ಎಷ್ಟು ಕೊಟ್ಟೀನಿ ಗೊತ್ತೇನು?" ಎಂದರು ಮಾಲೀಕರು. ಅವರಿಗೆ ಸಂಕಟವಾದದ್ದು ಅದೊಂದಕ್ಕೇ.

ಆಮೇಲೆ ಎಣ್ಣೆ ಇಳಿಸಿದರು. ಅರ್ಧ ಕತ್ತರಿಸಿದ ಕ್ಯಾನಿಗೆ ಅದು ಹಗ್ಗದ ಹಾಗೆ ಇಳಿಯಿತು. ಬಿಸಿಲಿಗೆ ಹಿಡಿದಾಗ ಕಪ್ಪು ಎಣ್ಣೆಯಲ್ಲಿ ಸಣ್ಣಗೆ ಹೊನ್ನಿನ ಪುಡಿ ಮಿಂಚಿತು. ಮಾಲೀಕರು ಬಗ್ಗಿ ನೋಡಿದರು. ಲಿಂಗಸುಗೂರು ತಾಲ್ಲೂಕಿನವರು, ಹಟ್ಟಿ ಗಣಿಯ ನೆರೆಯವರು, ಆಸೆ ಸಹಜ.

"ಹಿತ್ತಾಳಿ ಐತ್ರಿ ಧಣಿ," ಎಂದರು ಮೇಸ್ತ್ರಿ. ಆಯಸ್ಕಾಂತ ಅದ್ದಿ ತೋರಿಸಿದರು. ಕಬ್ಬಿಣದ ಚೂರು ಒಂದೆರಡು ಅಂಟಿದವು, ಹೊನ್ನಿನ ಪುಡಿ ಅಂಟಲಿಲ್ಲ. "ಸಿಂಕ್ರೊ ರಿಂಗ್ ಸವೀತಿರೋದು ಇದು. ಇನ್ನೂ ಕೆಟ್ಟಿಲ್ಲ. ಪುಸ್ತಕದಾಗಿನ ಎಣ್ಣಿ ಹಾಕಿ ಓಡಸ್ರಿ, ಮೊದಲಿನಷ್ಟು ಉದ್ದದ ಲಿವರ್ ಹಾಕ್ರಿ. ಹಳೇ ಕ್ಲಚ್ ಸೆಟ್ ಇದ್ರ ತರ್ರಿ, ಪ್ಲೇಟ್ ನೋಡೋಣು."

ಹಳೆಯ ಸೆಟ್ ಗುಜರಿಗೆ ಹೋಗಿತ್ತು. ಗುಜರಿಯಿಂದ ಅದನ್ನು ಮಸ್ಕಿಯ ಇನ್ನೊಬ್ಬ ಕ್ರೂಸರಿನವನು ತೂಕಕ್ಕೆ ಕೊಂಡು, ಪ್ಲೇಟಿಗೆ ಹೊಸ ಲೈನಿಂಗ್ ಹೊಡಿಸಿ ಹಾಕಿಕೊಂಡಿದ್ದಾನೆ ಎಂದು ಅಷ್ಟು ಹೊತ್ತು ಸುಮ್ಮನಿದ್ದ ಡ್ರೈವರ್ ಅಣ್ಣ ಹೇಳಿದ. ಮೂರು ತಿಂಗಳಿಂದ ಲಿಂಗಸುಗೂರು ಬಸ್‌ಸ್ಟ್ಯಾಂಡಿಗೆ ಮೊದಲು ಮುಟ್ಟಿ ನಮ್ಮ ಪ್ಯಾಸೆಂಜರನ್ನೆಲ್ಲ ಹತ್ತಿಸಿಕೊಂಡು ಹೋಗುತ್ತಿರುವುದು ಅದೇ ಗಾಡಿಯಂತೆ.