ಒಂಬತ್ತು ಚುಕ್ಕಿಯ ತೋಟ

ಸಾಲಿಗೆ ಮೂರರಂತೆ ಮೂರು ಸಾಲು, ಒಟ್ಟು ಒಂಬತ್ತು ಚುಕ್ಕಿ. ಪೆನ್ನು ಎತ್ತಬಾರದು, ನಾಲ್ಕೇ ನಾಲ್ಕು ನೇರ ಗೆರೆಯಲ್ಲಿ ಒಂಬತ್ತನ್ನೂ ಮುಟ್ಟಬೇಕು. ಹೆಚ್ಚಿನವರು ಎಂಟಕ್ಕೆ ಬಂದು ನಿಲ್ಲುತ್ತಾರೆ. ಉಳಿದ ಆ ಒಂದು ಚುಕ್ಕಿ, ಪಾಯಸದ ಪಾತ್ರೆ ಖಾಲಿಯಾದ ಮೇಲೆ ಪಂಕ್ತಿಗೆ ಕೂತ ನೆಂಟನ ಹಾಗೆ, ನಮ್ಮ ಮುಖವನ್ನೇ ನೋಡುತ್ತಿರುತ್ತದೆ.

ಒಗಟು ಹಳೆಯದು. ಅಮೆರಿಕದ ಒಗಟುಗಾರ ಸ್ಯಾಮ್ ಲಾಯ್ಡ್ ತೀರಿಕೊಂಡ ಮೇಲೆ ಅವನ ಮಗ 1914ರಲ್ಲಿ ಹೊರತಂದ ದಪ್ಪ ಸಂಪುಟದಲ್ಲಿ ಇದು ಕೊಲಂಬಸನ ಮೊಟ್ಟೆಯ ಹೆಸರಿನಲ್ಲಿ ಅಚ್ಚಾಗಿದೆ. ಮೊಟ್ಟೆಯನ್ನು ನೆಟ್ಟಗೆ ನಿಲ್ಲಿಸಲು ಅದರ ತುದಿಯನ್ನೇ ಕುಟ್ಟಿದನಂತಲ್ಲ, ಆ ಕತೆ. ಉತ್ತರ ಗೊತ್ತಾದ ಮೇಲೆ ಎಲ್ಲರೂ ‘ಇಷ್ಟೆಯಾ’ ಎನ್ನುವ ಜಾತಿಯದು. ಮೇಲಿನ ಎಡಮೂಲೆಯಿಂದ ಹೊರಟು ಮೊದಲ ಸಾಲನ್ನು ಮುಗಿಸಿ, ಅಲ್ಲಿ ನಿಲ್ಲದೆ ಇನ್ನೊಂದು ಚುಕ್ಕಿಯಷ್ಟು ಮುಂದೆ ಹೋಗಬೇಕು. ಅಲ್ಲಿಂದ ಓರೆಯಾಗಿ ಇಳಿದು ಎರಡು ಚುಕ್ಕಿ ದಾಟಿ, ಕೆಳಗಿನ ಎಡಮೂಲೆಯಿಂದಲೂ ಒಂದು ಚುಕ್ಕಿಯಷ್ಟು ಕೆಳಗೆ ಬರಬೇಕು. ಅಲ್ಲಿಂದ ನೆಟ್ಟಗೆ ಮೇಲೆ ಹತ್ತಿದರೆ ಹೊರಟ ಜಾಗ. ಕೊನೆಗೆ ನಡುವಿನ ಚುಕ್ಕಿಯನ್ನು ಸೀಳಿಕೊಂಡು ಎದುರು ಮೂಲೆಗೆ. ಚುಕ್ಕಿಗಳ ಸುತ್ತ ಯಾರೂ ಬೇಲಿ ಹಾಕಿರಲಿಲ್ಲ, ಹಾಕಿದ್ದು ನಮ್ಮ ತಲೆ.

ಈ ಬೇಲಿಯ ಮಾತು ಈಗ ತರಬೇತಿ ಶಿಬಿರಗಳ ಆಸ್ತಿ. ಜೇನು ಸಾಕಣೆಯ ಶಿಬಿರವಿರಲಿ, ಶಿಕ್ಷಕರದ್ದಿರಲಿ, ಸ್ವಸಹಾಯ ಸಂಘದ್ದಿರಲಿ, ಚಹಾ ಅವಲಕ್ಕಿ ಆದ ಮೇಲೆ ಸಂಪನ್ಮೂಲ ವ್ಯಕ್ತಿಗಳು ಬೋರ್ಡಿನ ಮೇಲೆ ಒಂಬತ್ತು ಚುಕ್ಕಿ ಹಾಕಿಯೇ ಹಾಕುತ್ತಾರೆ. ‘ಪೆಟ್ಟಿಗೆಯ ಹೊರಗೆ ಯೋಚಿಸಿ’ ಎಂದು ಅಪ್ಪಣೆಯಾಗುತ್ತದೆ. ಹತ್ತು ಶಿಬಿರ ಕಂಡವರು ಉತ್ತರ ಗೊತ್ತಿದ್ದೂ ಸುಮ್ಮನೆ ತಲೆ ಕೆರೆದುಕೊಳ್ಳುತ್ತಾರೆ. ಹೇಳಿಕೊಡುವವರಿಗೆ ಬೇಸರವಾಗಬಾರದಲ್ಲ!

ನಿಜ ಹೇಳಬೇಕೆಂದರೆ ಹೊರಗೆ ಹೋಗುವವರನ್ನು ನಾವು ಅಷ್ಟು ಮೆಚ್ಚುವವರೂ ಅಲ್ಲ. ನಮ್ಮೂರು ಕೊಯಿಲದ ಜಾನುವಾರು ಸಂವರ್ಧನಾ ಕೇಂದ್ರದ ಗುಡ್ಡಗಳು ಮಳೆಗಾಲದಲ್ಲಿ ಹಸಿರೋ ಹಸಿರು, ಯಾವ ದನಕ್ಕೂ ಆಸೆಯಾಗಬೇಕು. ಆದರೆ ಊರಿನ ಯಾವುದೇ ಹಟ್ಟಿಯಲ್ಲಿ ವಿಚಾರಿಸಿ: ಬೇಲಿ ಹಾರುವ ದನಕ್ಕೆ ಬಹುಮಾನ ಕೊಡುವುದಿಲ್ಲ, ಕುತ್ತಿಗೆಗೆ ಮರದ ತುಂಡು ಕಟ್ಟುತ್ತಾರೆ. ಇನ್ನು ಕೆಲವೊಮ್ಮೆ ಹೊರಗೆ ಹೋಗಲು ಹಾರಬೇಕಾಗಿಯೂ ಇಲ್ಲ. ಕೂತಲ್ಲೇ ಕೂತಿದ್ದ ಕೊಯಿಲದವರು ಪುತ್ತೂರು ತಾಲೂಕಿನಿಂದ ಹೊರಬಿದ್ದು ಕಡಬ ತಾಲೂಕಿನವರಾದರು. ಗೆರೆ ಎಳೆದದ್ದು ಸರಕಾರ. ಚುಕ್ಕಿಗಳು ಇದ್ದಲ್ಲೇ ಇವೆ.

ರಜೆಯಲ್ಲಿ ಬೆಂಗಳೂರಿನಿಂದ ಬಂದ ಹುಡುಗನೊಬ್ಬ ನಮ್ಮ ನೆರೆಮನೆಯ ಅಂಗಳದಲ್ಲಿ ಈ ಒಗಟನ್ನು ಹರಡಿದ. ಒಣಗಲು ಹಾಕಿದ ರಾಶಿಯಿಂದ ಒಂಬತ್ತು ಅಡಿಕೆ ಆರಿಸಿ ಸಾಲಾಗಿಟ್ಟು, ಕೊನೆ ತೆಗೆಯಲು ಬಂದವರನ್ನು ಕರೆದ.

“ಮಾಮ, ಇದು ಒಂಬತ್ತು ಮರ ಅಂತ ತಿಳ್ಕೊಳ್ಳಿ. ನಾಲ್ಕೇ ಗೆರೆಯಲ್ಲಿ ಮುಗಿಸಬೇಕು.”

“ನಾಲ್ಕು ಗೆರೆ ಎಂತಕ್ಕೆ ಮಾರಾಯ? ಒಮ್ಮೆ ಹತ್ತಿದರೆ ಸಾಕಲ್ಲ.”

“ಹಾಗಲ್ಲ ಮಾಮ, ಗೆರೆ ಹೊರಗೆ ಹೋಗ್ಬೇಕು.”

“ಹೊರಗೆ ಹೋದರೆ ಮರ ಎಲ್ಲುಂಟು? ಕಣಿಗೆ ಬೀಳುವುದು.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮಲ್ಲಿ ಅಡಿಕೆ ಸಸಿ ನೆಡುವುದು ಸುಮಾರು ಒಂಬತ್ತು ಅಡಿಗೊಂದರಂತೆ. ಕಾಲಿಗೆ ತಳೆ ಹಾಕಿ ಒಂದು ಮರ ಹತ್ತಿದವರು ಕೊನೆ ತೆಗೆದಾದ ಮೇಲೆ ಇಳಿಯುವುದಿಲ್ಲ. ತುದಿಯಲ್ಲಿದ್ದುಕೊಂಡೇ ಮರವನ್ನು ತೂಗಿಸಿ, ಪಕ್ಕದ ಮರವನ್ನು ಹತ್ತಿರಕ್ಕೆಳೆದು ಅದಕ್ಕೆ ದಾಟುತ್ತಾರೆ. ಕೆಳಗೆ ನಿಂತವರಿಗೆ ಎದೆ ಝಲ್ಲೆನ್ನುತ್ತದೆ, ಮೇಲಿನವರು ಎಲೆಯಡಿಕೆ ಉಗಿದು ಮುಂದಿನ ಮರಕ್ಕೆ ಕೈ ಹಾಕಿರುತ್ತಾರೆ. ಅವರ ಲೆಕ್ಕದಲ್ಲಿ ಗೆರೆ ಎಷ್ಟಾದರೂ ಆಗಬಹುದು, ಹತ್ತುವುದು ಮಾತ್ರ ಒಂದೇ ಸಲ ಆಗಬೇಕು.

ಅಷ್ಟರಲ್ಲಿ ಮನೆಯ ಅತ್ತೆ ಹಿಡಿಸೂಡಿ ಬೀಸಿ ಒಂಬತ್ತನ್ನೂ ರಾಶಿಗೆ ಸೇರಿಸಿದರು. ಒಂದೇ ಗೆರೆ! ಹುಡುಗ ಒಪ್ಪಲಿಲ್ಲ. ಆದರೆ ಒಗಟು ಬಲ್ಲವರು ಒಪ್ಪುತ್ತಾರೆ. ಚುಕ್ಕಿಗೆ ಸ್ವಲ್ಪ ದಪ್ಪ ಇದೆಯೆಂದರೆ, ಅಂಚನ್ನು ಮುಟ್ಟಿಕೊಂಡು ಬಹುದೂರ ಹೋಗಿ ಬರುವ ಮೂರೇ ಓರೆ ಗೆರೆ ಸಾಕು. ಗೆರೆಯೇ ದಪ್ಪವಿದ್ದರೆ ಒಂದೇ ಸಾಕು. ಗೋಡೆಗೆ ಬಣ್ಣ ಬಳಿಯುವ ಅಗಲ ಬ್ರಷ್ಷಿನ ಉತ್ತರವೂ ಈ ಒಗಟಿನ ಕತೆಗಳಲ್ಲಿ ಉಂಟು. ಹಿಡಿಸೂಡಿ ಅದರ ಕೊಯಿಲದ ಆವೃತ್ತಿ.

ಹತ್ತುವವರು ಸಿಗದ ಈ ಕಾಲದಲ್ಲಿ ತೋಟದ ಒಗಟಿಗೂ ಹೊಸ ಹೊಸ ಉತ್ತರ ಬಂದಿವೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಮರ ಏರುವ ಬೈಕನ್ನೇ ಮಾಡಿದರು. 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಓಡಾಡಿತು. ಕಾರ್ಬನ್ ಫೈಬರಿನ ಉದ್ದ ದೋಟಿ ಬಂದ ಮೇಲಂತೂ ನೆಲದಲ್ಲೇ ನಿಂತು ಕೊನೆ ತೆಗೆಯಬಹುದು, ಮದ್ದನ್ನೂ ಬಿಡಬಹುದು. ಮರ ಹತ್ತಿದರೆ ಮಾತ್ರ ಅಡಿಕೆ ಎಂಬುದೂ ನಾವೇ ಹಾಕಿಕೊಂಡ ಬೇಲಿಯಾಗಿತ್ತು.

ಇಂಥ ಯೋಚನೆಗೆ ‘ಲ್ಯಾಟರಲ್ ಥಿಂಕಿಂಗ್’ ಎಂದು 1967ರಲ್ಲಿ ಹೆಸರಿಟ್ಟವರು ಮಾಲ್ಟಾದ ವೈದ್ಯ ಎಡ್ವರ್ಡ್ ಡಿ ಬೋನೊ. ಗುಂಡಿ ತೋಡುವುದನ್ನೇ ಅವರು ಉದಾಹರಣೆ ಕೊಡುತ್ತಿದ್ದರು: ತೋಡಿದ ಗುಂಡಿಯನ್ನೇ ಇನ್ನಷ್ಟು ಆಳ ಮಾಡುವವರು ಒಂದು ಬಗೆ, ಬೇರೆ ಕಡೆ ತೋಡಿ ನೋಡುವವರು ಇನ್ನೊಂದು ಬಗೆ. ನಮ್ಮ ಬಂಟ್ವಾಳ, ಕಾಸರಗೋಡಿನ ಕಡೆಯ ಹಿರಿಯರು ಇದನ್ನು ಕೇಳಿದ್ದರೆ ಒಂದು ತಿದ್ದುಪಡಿ ಕೊಡುತ್ತಿದ್ದರು: ಕೆಳಕ್ಕೇ ತೋಡಬೇಕೆಂದು ಯಾರು ಹೇಳಿದ್ದು? ಮುರಕಲ್ಲಿನ ಗುಡ್ಡದ ಮಗ್ಗುಲಿಗೆ ಒಬ್ಬ ಮನುಷ್ಯ ಹೋಗುವಷ್ಟೇ ಸುರಂಗ ಕೊರೆದು, ಒಳಗಿನ ನೀರನ್ನು ತಾನಾಗಿ ಹೊರಗೆ ಹರಿಸಿ ದಂಬೆಯಲ್ಲಿ ಕೆರೆಗೆ ತಂದವರು ಅವರು. ಪಂಪಿಲ್ಲ, ಕರೆಂಟಿಲ್ಲ, ಹಗ್ಗ ಕೊಡಪಾನವಿಲ್ಲ.

ಆದರೆ ಹೊರಗೆ ಹೋಗು ಎಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ವೈಸ್‌ಬರ್ಗ್ ಮತ್ತು ಆಲ್ಬಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂಬತ್ತು ಚುಕ್ಕಿಯನ್ನು ಜನರಿಗೆ ಕೊಟ್ಟು, ಗೆರೆ ಚೌಕದ ಹೊರಗೆ ಹೋಗಬೇಕೆಂಬ ಗುಟ್ಟನ್ನೂ ಬಿಟ್ಟುಕೊಟ್ಟು ನೋಡಿದರು. 1981ರಲ್ಲಿ ಪ್ರಕಟವಾದ ಫಲಿತಾಂಶ ಶಿಬಿರದವರಿಗೆ ರುಚಿಸುವಂಥದ್ದಲ್ಲ: ಗುಟ್ಟು ಗೊತ್ತಾದ ಮೇಲೂ ಹೆಚ್ಚಿನವರಿಗೆ ಬಿಡಿಸಲು ಆಗಲಿಲ್ಲ. ಯಾವ ಕಡೆಗೆ, ಎಷ್ಟು ದೂರ, ಎಲ್ಲಿ ತಿರುಗಬೇಕು ಎಂಬುದು ಕೈಗೆ ಹತ್ತಬೇಕು.

ಅಡ್ಯನಡ್ಕದ ಹತ್ತಿರ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರಿಗೆ ಅದು ಕೈಗೆ ಹತ್ತಿದ ಬಗೆ ನೋಡಿ. ಅಡಿಕೆ, ತೆಂಗಿನ ಮರ ಹತ್ತುವ ಕೂಲಿ ಅವರ ಕಸುಬು. ಧನಿಗಳು ಕೊಟ್ಟ ಎರಡೆಕ್ರೆ ಬೋಳುಗುಡ್ಡದಲ್ಲಿ ನೀರಿಲ್ಲ. ಹಗಲು ಕೂಲಿ ಮುಗಿಸಿ ಬಂದು ದೀಪ ಇಟ್ಟುಕೊಂಡು ಒಬ್ಬರೇ ಸುರಂಗ ಕೊರೆದರು. ಒಂದಲ್ಲ, ಐದು ಸುರಂಗದಲ್ಲೂ ನೀರು ಸಿಗಲಿಲ್ಲ. ಊರಿನವರು ನಕ್ಕರು. ಆರನೆಯದರಲ್ಲಿ ನೀರು ಬಂತು, ಗುಡ್ಡ ತೋಟವಾಯಿತು, 2022ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಯಾರೂ ಬೋರ್ಡಿನ ಮೇಲೆ ಚುಕ್ಕಿ ಹಾಕಿ ತೋರಿಸಿರಲಿಲ್ಲ. ಹೊಸ ದಿಕ್ಕು ಹೊಳೆಯುವುದು ಅರ್ಧ ಕೆಲಸ, ಉಳಿದರ್ಧ ಪಿಕಾಸಿಯದ್ದು.

ನಾವು ಈಗ ಮಾಡುತ್ತಿರುವುದು ಡಿ ಬೋನೊ ಹೇಳಿದ ಮೊದಲ ಬಗೆಯ ಕೆಲಸವನ್ನೇ. ಬೋರ್‌ವೆಲ್ ಬತ್ತಿದರೆ ಲಾರಿ ಕರೆಸಿ ಅದರ ಪಕ್ಕದಲ್ಲೇ ಇನ್ನೊಂದು, ಇನ್ನೂ ಆಳಕ್ಕೆ. ಬರುವ ಬೇಸಿಗೆಯಲ್ಲಿ ಲಾರಿಗೆ ಫೋನ್ ಮಾಡುವ ಮೊದಲು ನಿಮ್ಮ ಗುಡ್ಡದ ಬುಡದ ಪೊದೆಗಳನ್ನು ಒಮ್ಮೆ ಸವರಿಸಿ ನೋಡಿ. ಅಜ್ಜಂದಿರು ಕೊರೆದ ಸುರಂಗದ ಬಾಯಿ ಸಿಕ್ಕಿದರೆ ಕೆಸರು ತೆಗೆಸಿ. ಬೋರಿನ ಖರ್ಚಿಗೆ ಹೋಲಿಸಿದರೆ ಕೆಸರು ತೆಗೆದವರ ಸಂಬಳ ಏನೂ ಅಲ್ಲ.